ಖಾತೆಯಿಲ್ಲದ ನಾಣ್ಯ

ಸೊಲ್ಲಾಪುರ, ಅಕ್ಕಲಕೋಟೆ ರಸ್ತೆ, ಟವೆಲ್ ಕಾರ್ಖಾನೆ.
ಕೆಳಗೆ ಅರವತ್ತು ಮಗ್ಗ, ಮೇಲೆ ನಾವು ಮೂವರು.
ನಾನು ಒತ್ತುವ ಕೀಲಿಯ ಸದ್ದು
ನನಗೇ ಕೇಳಿಸದು.

ಇಲ್ಲಿ ನಾನು ಮಾಡುವವಳು,
ದೇಗಾಂವಕರ್ ಒಪ್ಪುವವರು.
ಸಿಸ್ಟಮ್ಮಿನ ಹಣೆಯಲ್ಲೇ ಹೀಗೆ ಬರೆದಿದೆ:
ಮಾಡಿದವರು ಒಪ್ಪುವಂತಿಲ್ಲ,
ಒಪ್ಪುವವರು ಮಾಡುವಂತಿಲ್ಲ.
ಮನೆಯಲ್ಲೂ ಈ ನಿಯಮ ಇದ್ದಿದ್ದರೆ ಸರ್,
ಅಂತ ಒಮ್ಮೆ ಅಂದಿದ್ದೆ.
ಅವರು ನಗಲಿಲ್ಲ. ಓಟಿಪಿಗೆ ಕಾಯುತ್ತಿದ್ದರು.

ಎರಡು ಲಕ್ಷ ದಾಟಿದ ನೂಲಿನ ಸಾಹುಕಾರರಿಗೆ
ಆರ್‌ಟಿಜಿಎಸ್ಸು. ನೇರ ದಾರಿ, ನಿಂತ ಕಾಲಲ್ಲೇ.
ಬಣ್ಣದವರು, ಟೆಂಪೋದವರು, ಅಂಚು ಹೊಲಿಯುವವರು
ನೆಫ್ಟಿನ ಬಂಡಿ ಹತ್ತಬೇಕು,
ಅರ್ಧ ಗಂಟೆಗೊಂದು.
ನೂರಾ ಹನ್ನೆರಡು ಸಾಲಿನ ಫೈಲು;
ಒಂದು ಅಲ್ಪವಿರಾಮ ಹೆಚ್ಚಾಯಿತೋ,
ಕಲ್ಲು ಸಿಕ್ಕ ತುತ್ತಿನಂತೆ
ಇಡೀ ಫೈಲನ್ನೇ ಉಗುಳುತ್ತದೆ ಬ್ಯಾಂಕು.

ಶುಕ್ರವಾರ ಎಲ್ಲರೂ ಮುಟ್ಟಿದರು,
ನಲವತ್ತೇಳನೇ ಸಾಲು ಬಿಟ್ಟು.
ಸಾವಿರದ ಎಂಟುನೂರ ಅರವತ್ತು ರೂಪಾಯಿ
ಹೋದ ದಾರಿಯಲ್ಲೇ ತಿರುಗಿ ಬಂತು.
ಅವಳ ಬ್ಯಾಂಕು ಇನ್ನೊಂದರ ಹೊಟ್ಟೆ ಸೇರಿತ್ತು,
ಶಾಖೆಯ ಹಳೇ ಕೋಡು ಸತ್ತಿತ್ತು,
ನಮ್ಮ ಪಟ್ಟಿಯಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿತ್ತು.

ಹೊಸ ಕೋಡು ಹಾಕಿದೆ.
ಆಗ ಹೆಸರು ಅಡ್ಡ ನಿಂತಿತು.
ಕೆಲಸದ ವಹಿಯಲ್ಲಿ, ನನ್ನ ಕೈಬರಹದಲ್ಲಿ: ನೀಲವ್ವ ವಳಸಂಗದ.
ಆಧಾರದಲ್ಲಿ, ಮರಾಠಿಯಲ್ಲಿ: ನಿಲಾಬಾಯಿ ವಳಸಂಗಕರ.
ಪಾಸ್‌ಬುಕ್ಕಿನಲ್ಲಿ, ಇಂಗ್ಲಿಷಿನಿಂದ ಕೂಡಿಸಿ ಓದಿದರೆ: ನಿಲವಾ ಡಬ್ಲ್ಯೂ.
ಮೂರು ಲಿಪಿ ದಾಟುವಷ್ಟರಲ್ಲಿ
ದೀರ್ಘ ಎಲ್ಲೋ ಬಿತ್ತು, ಒತ್ತು ಎಲ್ಲೋ.
ಊರಿಗೆ ಊರೇ ಹೋಗಿ
ಉಳಿದದ್ದು ಒಂದಕ್ಷರ.

ಇವರು ಮೂವರೋ ಒಬ್ಬರೋ?
ದೇಗಾಂವಕರ್ ಮರಾಠಿಯಲ್ಲಿ ಕೇಳಿದರು.
ಒಬ್ಬಳೇ ಸರ್, ನನಗೆ ಗೊತ್ತು.
ನಿಮಗೆ ಗೊತ್ತಿರುವುದು ಆಡಿಟರಿಗೆ ಗೊತ್ತಿಲ್ಲ.
ಒಂದು ರೂಪಾಯಿ ಬಿಟ್ಟು ನೋಡಿ.

ಬಾವಿಯ ಆಳ ತಿಳಿಯಲು ಹರಳು ಹಾಕಿದ ಹಾಗೆ
ಬಿಟ್ಟೆ.
ತಳ ಮುಟ್ಟಿದ ಸದ್ದು ಬಂತು: ನಿಲವಾ ಡಬ್ಲ್ಯೂ.
ಖಾತೆ ಜೀವಂತ.
ಮಾಡಿದೆ. ಒಪ್ಪಿದರು.
ನಾಲ್ಕೂವರೆಯ ಬಂಡಿಗೆ ದುಡ್ಡು ಹತ್ತಿತು.

ಸೋಮವಾರ ಮೆಟ್ಟಿಲ ತುದಿಯಲ್ಲಿ ನೀಲವ್ವ,
ಸೆರಗಿನ ತುಂಬ ಬಿಳೀ ಎಳೆ.
"ಅಕ್ಕಾರ, ರೊಕ್ಕ ಬಂತ್ರಿ, ಲೆಕ್ಕ ಬರೋಬರಿ ಐತಿ.
ಆದ್ರ ಅದರ ಮೊದ್ಲ ಒಂದು ರೂಪಾಯಿ ಬಂದೈತ್ರಿ.
ಯಾರದೋ ಏನೋ, ದಾರಿ ತಪ್ಪಿ
ನನ್ನ ಖಾತೇಕ ಬಿದ್ದೈತಿ. ಇಸಕೊಳ್ರಿ."
ನಾಣ್ಯ ಮೇಜಿನ ಮೇಲಿತ್ತು.
ಅದನ್ನು ತರಲು ಷೇರ್ ಆಟೊಕ್ಕೆ
ಇಪ್ಪತ್ತು ಕೊಟ್ಟಿದ್ದಳು.

ಅದು ಪರೀಕ್ಷಾ ಮಾಡಾಕ ಕಳಿಸಿದ್ದವ್ವ, ಅಂದೆ.
"ಯಾರ ಪರೀಕ್ಷಾರಿ?"
ನಿಂದು. ನೀನು ನೀನೇ ಹೌದೋ ಅಲ್ಲೋ ಅಂತ.
"ನನ್ನ ಕೇಳಿದ್ರ ಹೇಳತಿದ್ನೆಲ್ರೀ," ಅಂದಳು,
ಒಂದು ಲೋಟ ನೀರು ಕುಡಿದಳು, ಇಳಿದು ಹೋದಳು.

ಆ ರೂಪಾಯಿಯನ್ನು ಬ್ಯಾಂಕಿನ ಖರ್ಚಿಗೆ ಬರೆದು
ಶುಕ್ರವಾರವೇ ಮುಗಿಸಿದ್ದೆ.
ತಿರುಗಿ ಬಂದದ್ದನ್ನು ಎಲ್ಲಿ ಇಡಲಿ?
ನಗದು ಜಮೆಯ ಬಾಗಿಲು ತೆರೆಯಹೋದೆ;
ಎರಡು ವರ್ಷದ ಹಿಂದೆಯೇ ಮುಚ್ಚಿದ್ದಾರೆ.
ಎಲ್ಲಿಂದ ಬಂತೆಂದು ಕೇಳುವ ಚೌಕಕ್ಕೆ
ಹದಿನಾರು ಅಕ್ಷರದ ಗುರುತು ಬೇಕು;
ನಾಣ್ಯದ ಮೇಲೆ ಇದ್ದದ್ದು ಇಸವಿ ಮಾತ್ರ.
ದೇಗಾಂವಕರ್ ಕನ್ನಡಕ ಎತ್ತಿದರು, ನೋಡಿದರು,
ಮಾಡುವವರಲ್ಲದವರು
ನೋಡದ ಹಾಗೆ ಮಾಡಿದರು.

ತಿಂಗಳ ಕೊನೆ. ಬ್ಯಾಂಕಿನ ಪುಸ್ತಕ, ನಮ್ಮ ಪುಸ್ತಕ,
ಪೈಸೆಗೆ ಪೈಸೆ ತಾಳೆಯಾಯಿತು.
ಪಟ್ಟಿಯಲ್ಲಿ ಈಗ ಅವಳು ನಿಲವಾ.
ವಹಿಯಲ್ಲಿ ನೀಲವ್ವ ಅಂತಲೇ ಬರೆಯುತ್ತೇನೆ,
ಒತ್ತನ್ನು ಕೊಂಚ ಒತ್ತಿ.

ಸ್ಟೇಪಲ್ ಪಿನ್ನಿಗೆಂದು ಡ್ರಾಯರ್ ಎಳೆದಾಗಲೆಲ್ಲ
ಅದು ಮೂಲೆಯಿಂದ ಮೂಲೆಗೆ ಉರುಳುತ್ತದೆ.
ಕೆಳಗೆ ಅರವತ್ತು ಮಗ್ಗ.
ಆದರೂ ಕೇಳಿಸುತ್ತದೆ.