ಒಂದೂವರೆ ಗಂಟೆ

ಪರ್ತ್‌ನಿಂದ ಅಡಿಲೇಡಿಗೆ ನೇರ ಗೆರೆ ಎಳೆದರೆ
ಎರಡು ಸಾವಿರದ ನೂರಿಪ್ಪತ್ತು ಕಿಲೋಮೀಟರು,
ಹೆಚ್ಚು ಕಡಿಮೆ.
'ಹೆಚ್ಚು ಕಡಿಮೆ' ನನ್ನ ಕಸುಬಿಗೆ ಒಗ್ಗದ ಮಾತು.
ಕ್ಯಾನಿಂಗ್ಟನ್ನಿನಲ್ಲಿ ಸೈಟು ಅಳೆಯುವವನು ನಾನು,
ಬೇಲಿ ಎರಡು ಬೆರಳು ಆಚೆ ಸರಿದದ್ದಕ್ಕೆ
ನೆರೆಹೊರೆ ಕೋರ್ಟು ಹತ್ತಿದ್ದು ಕಂಡವನು.
ಈ ದೂರ ಒಂದನ್ನು ಮಾತ್ರ
ಕಣ್ಣಳತೆಗೆ ಬಿಟ್ಟಿದ್ದೇನೆ.

ಜುಲೈ ರಜೆಯ ಮೊದಲ ಶನಿವಾರ, ಇನ್ನೂ ಕತ್ತಲು.
ಲಾಸ್ಯಳ ಕೊರಳಲ್ಲಿ ಹಳದಿ ಪಟ್ಟಿ,
ಪಟ್ಟಿಯ ತುದಿಗೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಚೀಟಿ.
ಕಳಿಸುವವರು: ನಾನು.
ಪಡೆಯುವವರು: ಹೇಮಶ್ರೀ ಪಾಟೀಲ
(ತವರಿನ ಹೆಸರು ಮತ್ತೆ ಮನೆಗೆ ಬಂದಿದೆ).
ಕೊರಿಯರ್ ಪೆಟ್ಟಿಗೆಗೂ ಹೀಗೇ ಬರೀತಾರಲ್ವಾ
ಎಂದದ್ದು ನಾನಲ್ಲ, ಅವಳೇ.
"ಒಡೆಯೋ ವಸ್ತು ಅಂತ ಬರೆದಿಲ್ಲ ನೋಡಪ್ಪಾ."
ಎಂಟು ವರ್ಷಕ್ಕೆ ಇಷ್ಟು ಮಾತು ಸಾಕು ಅನಿಸಿತು.

ಹೋಗುವಾಗ ಗಾಳಿ ಬೆನ್ನಿಗೆ: ಎರಡೂ ಮುಕ್ಕಾಲು ಗಂಟೆ.
ಬರುವಾಗ ಗಾಳಿ ಎದೆಗೆ: ಮೂರು ಗಂಟೆ ಇಪ್ಪತ್ತು ನಿಮಿಷ.
ಅವೇ ಎರಡು ಬಿಂದು, ಅದೇ ನೆಲ.
ಇಂಥ ಅಳತೆ ತಂದುಕೊಟ್ಟರೆ ನಮ್ಮ ಸಾಹೇಬ
ಮತ್ತೆ ಅಳೆದು ಬಾ ಎಂದು ಓಡಿಸುತ್ತಿದ್ದ.

"ಆರಕ್ಕೆ ಹೊರಟರೆ ಹತ್ತೂ ಕಾಲಿಗೆ ಹೇಗಪ್ಪಾ ಮುಟ್ಟೋದು?
ಒಂದೂವರೆ ಗಂಟೆ ಎಲ್ಲಿ ಹೋಯ್ತು?"
ದಾರಿಯಲ್ಲಿ ನಲ್ಲಾರ್ಬರ್ ಅಂತ ಬಯಲಿದೆ,
ಮರವಿಲ್ಲ, ಮರೆಯಿಲ್ಲ,
ಅಲ್ಲಿ ಬಿದ್ದಿರುತ್ತೆ, ಬರುವಾಗ ಎತ್ಕೊಂಡು ಬಾ ಅಂದೆ.
ನಂಬಿದಳೋ,
ನನ್ನ ಸಲುವಾಗಿ ನಂಬಿದಂತೆ ಮಾಡಿದಳೋ.

ವಿಮಾನ ನೆಲ ಬಿಡುವ ತನಕ
ಕಳಿಸಿದವರು ನಿಲ್ಲಬೇಕೆಂಬುದು ನಿಯಮ.
ನಿಯಮವಿಲ್ಲದಿದ್ದರೂ ನಿಲ್ಲುತ್ತಿದ್ದೆ,
ಕೇಳುವವರಿರಲಿಲ್ಲ.
ಕಾಗದದ ಲೋಟದ ಕಾಫಿ ಆರಿಸುತ್ತ ಲೆಕ್ಕ ಹಾಕಿದೆ:
ಅಜ್ಜಿಯ ಬಾಯಲ್ಲಿ ದೂರವೆಂದರೆ
ಕೂಗಳತೆ, ಹರದಾರಿ, ಗಾವುದ,
ಅದರಾಚೆಯದೆಲ್ಲ ದೇಶಾಂತರ.
ಗಾವುದಕ್ಕೆ ಹನ್ನೆರಡು ಮೈಲಿ ಹಿಡಿದರೆ
ನೂರಾ ಹತ್ತು ಗಾವುದ.
ಅಜ್ಜಿ ಇದ್ದಿದ್ದರೆ ಬುತ್ತಿ ಎಷ್ಟು ಕಟ್ಟಿದೆ ಎಂದು ಕೇಳುತ್ತಿದ್ದಳು.
ಒಂದು ಬಾಳೆಹಣ್ಣು, ಅಜ್ಜಿ.
ಅದನ್ನೂ ಸೀಟಿನಡಿ ಮರೆತಳಂತೆ.

ಎರಡು ವಾರ.

ಸಂಜೆ ಆರಕ್ಕೆ ಅಲ್ಲಿಂದ ಹೊರಟವಳು
ಏಳೂ ಐವತ್ತಕ್ಕೆ ಇಲ್ಲಿ ಇಳಿದಳು.
ಗಾಳಿ ಕಿತ್ತುಕೊಂಡಿದ್ದನ್ನು ಗಡಿಯಾರ ತುಂಬಿಕೊಟ್ಟು
ಮೇಲೆ ಕೊಸರು ಬೇರೆ ಹಾಕಿತ್ತು.
"ಸಿಕ್ತಪ್ಪಾ," ಎಂದು ಮುಚ್ಚಿದ ಮುಷ್ಟಿ ನನ್ನ ಅಂಗೈಯಲ್ಲಿ ಬಿಚ್ಚಿದಳು.
ಏನೂ ಇರಲಿಲ್ಲ, ಬೆವರಿತ್ತು.

ಆ ಒಂದೂವರೆ ಗಂಟೆಗೆ ಏನೇನೋ ಎಣಿಸಿದ್ದೆ.
ಅನ್ನ ಸಾರು ಕುಕ್ಕರಿನಲ್ಲಿತ್ತು,
ಚೌಕಾಬಾರದ ಮನೆ ಗೆರೆ ಎಳೆದು ಇಟ್ಟಿದ್ದೆ,
ಕವಡೆ ಸಿಗದೆ ಹುಣಸೆಬೀಜ ತೇಯ್ದಿದ್ದೆ.
ಟಾಂಕಿನ್ ಹೈವೇ ಹತ್ತುವ ಮೊದಲೇ
ಕಾರಿನ ಹಿಂದೆ ಸದ್ದಿಲ್ಲ.
ನನಗಿನ್ನೂ ಎಂಟೂ ಕಾಲು,
ಅವಳ ಕಣ್ಣಿಗೆ ಒಂಬತ್ತೂ ಮುಕ್ಕಾಲು,
ಅಮ್ಮನ ಮನೆಯ ನಿದ್ದೆಯ ಹೊತ್ತು.

ಎತ್ತಿ ತಂದು ಮಲಗಿಸಿದೆ. ಕಳೆದ ಸಲಕ್ಕಿಂತ ಭಾರ.
ಫೋನಿನಲ್ಲಿ ಒಂದೇ ಮಾತು ಬಂತು: ಮಲಗಿದಳಾ?
ಮಲಗಿದಳು, ಎಂದು ಬರೆದೆ.
ನೂರಾ ಹತ್ತು ಗಾವುದದಾಚೆ
ಯಾರೋ ದೀಪ ಆರಿಸಿರಬೇಕು.

ಅವಳ ಕೈಗಡಿಯಾರ ಇನ್ನೂ ಅಲ್ಲಿಯ ಹೊತ್ತನ್ನೇ ತೋರುತ್ತಿತ್ತು.
ತಿರುಪು ಹಿಡಿದೆ,
ಬಿಟ್ಟೆ.
ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು,
ನನಗಿಂತ ಚೆನ್ನಾಗಿ ಅವಳಿಗೇ ಗೊತ್ತು.