ಹಳೇ ಚರ್ಮದ ಘಮ

ಪೆರೇಸಂದ್ರ ದಾಟಿದರೆ ಎಡಕ್ಕೊಂದು ಮಣ್ಣುದಾರಿ,
ಅದರ ಕೊನೆಗೆ ಕೋದಂಡರೆಡ್ಡಿಯವರ ವೈನರಿ.
ಬಂದವರಿಗೆ ರುಚಿ ತೋರಿಸುವುದು ನನ್ನ ಕೆಲಸ.
ಕುಡಿಯುವುದಿಲ್ಲ ನಾನು; ಮೂಸುತ್ತೇನೆ, ಉಗಿಯುತ್ತೇನೆ,
ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುತ್ತೇನೆ.

ಆ ಫೆಬ್ರವರಿ ಮುಂಬಯಿಯಿಂದ ಬಂದರು ಪೇಜಾರ್ಕರ್,
ನೆತ್ತಿಗೆ ಪುಟ್ಟ ಟೋಪಿ, ಕಂಕುಳಲ್ಲಿ ದಪ್ಪ ಪುಸ್ತಕ,
ಜೊತೆಗೆ ಇಬ್ಬರು ಹುಡುಗರು, ಅವರದೇ ಜನ.
ಎರಡು ತೊಟ್ಟಿ ಕೋಷರ್ ವೈನ್ ಆಗಬೇಕು, ಆರ್ಡರಿದೆ.
ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದರು.
"ದ್ರಾಕ್ಷಿ ದ್ರಾಕ್ಷಿಯಾಗಿರುವ ತನಕ ಯಾರು ಮುಟ್ಟಿದರೂ ಸರಿ,
ರಸವಾದ ಮೇಲೆ ನಾವಷ್ಟೇ. ತಪ್ಪು ತಿಳಿಯಬೇಡಿ."

ತಪ್ಪು ತಿಳಿಯಲು ನನಗೆಲ್ಲಿ ಪುರಸೊತ್ತು,
ನಗು ತಡೆಯುವುದರಲ್ಲೇ ಇದ್ದೆ.
ಗೆರೆಯ ಈಚೆ ರೆಡ್ಡಿಯವರು, ಸ್ವಂತ ತೊಟ್ಟಿಗೆ ಕತ್ತು ಚಾಚಿ;
ಗೆರೆಯ ಈಚೆ ಲೆಕ್ಕದ ಪಾಂಡುರಂಗಾಚಾರ್, ಕೈ ಹಿಂದೆ ಕಟ್ಟಿ;
ಅವರ ಮೊಣಕೈ ತಾಗುವಷ್ಟು ಹತ್ತಿರ, ಅದೇ ಈಚೆ,
ಗಂಗುಲಪ್ಪನ ಮೊಮ್ಮಗಳು.
"ನೀರು ತಾಗಿದರೆ ಮುಸುರೆ, ನಮಗೂ ಗೊತ್ತಿದ್ದದ್ದೇ" ಅಂದರು ಆಚಾರ್.
ಮುಖ ಮಾತ್ರ ಯಾಕೋ ಸಣ್ಣದಾಗಿತ್ತು.
ನಮ್ಮಜ್ಜಿಗಾದರೆ ಹೀಗೆ ನಿಲ್ಲುವುದನ್ನು ಹೇಳಿಕೊಡಬೇಕಿರಲಿಲ್ಲ:
ಬಾವಿಗೆ ಎಷ್ಟು ಮಾರು, ಜಗುಲಿಗೆ ಎಷ್ಟು,
ಹೋಟೆಲಿನ ಚಿಪ್ಪಿಗೆ ಚಹಾ ಎಷ್ಟು ಎತ್ತರದಿಂದ.

ಶನಿವಾರ ಪೇಜಾರ್ಕರ್ ಸ್ವಿಚ್ಚೂ ಒತ್ತುವುದಿಲ್ಲ,
ನಾವು ತೊಟ್ಟಿಯ ಹತ್ತಿರ ಸುಳಿಯುವಂತಿಲ್ಲ.
ರಸ ಮಾತ್ರ ರಜೆ ಹಾಕದೆ
ಒಳಗೊಳಗೇ ಬುಸುಗುಟ್ಟುತ್ತಿತ್ತು.
ಹುಣಸೆ ಮರದಡಿ ಕೂತು ಅವರು ಹೇಳಿದರು,
"ಕೊಂಕಣದಲ್ಲಿ ನಮಗೆ ಶನಿವಾರದ ಗಾಣಿಗರು ಅಂತ ಹೆಸರು.
ಜಗುಲಿಯಿಂದಾಚೆ ನಿಂತೇ ಎಣ್ಣೆ ಅಳೆದದ್ದು ನಮ್ಮಜ್ಜ."
ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು
ಇರುವೆ ಸಾಲು ನೋಡಿದೆವು.

ಭಾನುವಾರ ಪುಸ್ತಕ ನನ್ನ ಕೈಗೆ ಬಂತು.
ಗಿರಾಕಿ ಕೇಳಿದರೆ ಆರಿಸಿಕೊಡಲು ಕಲಿ ಅಂದರು.
"ನಕ್ಷತ್ರ ಕೊನೆಗೆ ನೋಡು. ಮೊದಲು ಯಾರ ಮುದ್ರೆ,
ಆಮೇಲೆ ಕುದಿಸಿದ್ದೋ ಅಲ್ಲವೋ,
ಪಂಕ್ತಿಯಲ್ಲಿ ಬಗ್ಗಿಸುವವರು ಯಾರು ಅನ್ನುವುದರ ಮೇಲೆ ಅದು."
ಕುದಿಸಿದರೆ?
"ಯಾರು ಬೇಕಾದರೂ ಮುಟ್ಟಬಹುದು."
ಒಂದೇ ಕುದಿಗೆ?
"ಒಂದೇ ಕುದಿಗೆ."
ನಮ್ಮೂರ ಬಾವಿಯನ್ನು ಯಾರೂ ಕುದಿಸಿ ನೋಡಲಿಲ್ಲ
ಅಂತ ನಾನು ಹೇಳಲಿಲ್ಲ.

ರಾತ್ರಿ ದೀಪದಡಿ, ಕಷ್ಟಪಟ್ಟು, ಬೆರಳಿಟ್ಟು ಓದಿದೆ.
ಒಂದು ಪುಟದಲ್ಲಿ ನಮ್ಮ ಬೆಂಗಳೂರು ಬ್ಲೂಗೆ ಅಕ್ಕನಂಥ ದ್ರಾಕ್ಷಿ,
ಹಬ್ಬದ ಸಿಹಿ ವೈನಿಗೆ, ಸಕ್ಕರೆ ಜಾಸ್ತಿ, ಒಂದೂವರೆ ನಕ್ಷತ್ರ.
ಪುಟ ತೊಂಬತ್ತೊಂದಕ್ಕೆ ಬೆರಳು ನಿಂತಿತು.
ನೇರಳೆ, ಕಾಳುಮೆಣಸು, ಹೊಗೆಸೊಪ್ಪು,
ಕೊನೆಯಲ್ಲಿ ಹಳೇ ಚರ್ಮದ ಘಮ.
ಮೂರು ನಕ್ಷತ್ರ.
ತಪ್ಪು ಓದಿದೆನೇನೋ ಅಂತ ಡಿಕ್ಷನರಿ ತೆಗೆದೆ.
ಚರ್ಮವೇ.

ತಂಗಡಿ ತೊಗಟೆಯ ಕೆಂಪು ನೀರಲ್ಲಿ ನೆನೆದದ್ದು,
ಗಂಗುಲಪ್ಪನ ಗುಡಿಸಲ ಮುಂದೆ ಹಗ್ಗಕ್ಕೆ ತೂಗಿದ್ದು,
ಸೆರಗು ಮೂಗಿಗೊತ್ತಿ ಊರು ಓಡಿ ದಾಟಿದ್ದು,
ಐದನೇ ಕ್ಲಾಸಿನ ಭ್ರಮರಾಂಬ ನನ್ನ ಚೀಲ ಮೂಸಿ
ಬೆಂಚಿನ ತುದಿಗೆ ಸರಿದದ್ದು,
ಅದೇ ಚರ್ಮ.
ದುಡ್ಡು ಕೊಟ್ಟು, ಗಾಜಿನಲ್ಲಿ ತಿರುಗಿಸಿ, ಕಣ್ಣು ಮುಚ್ಚಿ
ಹುಡುಕುತ್ತಾರಂತೆ.
ಅಜ್ಜನ ಫೋಟೋ ಇಲ್ಲ ನಮ್ಮಲ್ಲಿ. ಇದ್ದಿದ್ದರೆ
ಅಲ್ಲೇ ಎದ್ದು ಹೋಗಿ ಹೇಳುತ್ತಿದ್ದೆ.

ಹೊರಡುವ ದಿನ ಪೇಜಾರ್ಕರ್ ಲೋಟ ಚಾಚಿದರು,
"ಕುದಿಸಿದ್ದು. ನೀನೇ ಬಗ್ಗಿಸು."
ಬಗ್ಗಿಸಿದೆ. ಕೈ ನಡುಗಲಿಲ್ಲ ಅಂದರೆ ಸುಳ್ಳು.
ಅವರು ಒಂದು ಗುಟುಕು ಕುಡಿದು ಮೂತಿ ತಿರುವಿದರು,
"ನಮ್ಮಮ್ಮ ಒಣದ್ರಾಕ್ಷಿ ನೆನೆಸಿ ಹಿಂಡುತ್ತಿದ್ದ ಶರಬತ್ತೇ ವಾಸಿ."
ನಾನು ಮೂಸಿದೆ. ನೇರಳೆ ಇತ್ತು. ಮೆಣಸು ಇದ್ದ ಹಾಗೆ.
ಚರ್ಮ ಸಿಗಲಿಲ್ಲ.
"ಎರಡು ವರ್ಷ ಮಲಗಲಿ, ಬಂದರೂ ಬಂದೀತು."

ಪಟ್ಟಿ ಕಿತ್ತಿದ್ದಾರೆ. ಅಂಟು ಹೋಗಿಲ್ಲ.
ತೊಟ್ಟಿಯ ಕಡೆ ನಡೆಯುವಾಗ, ಸರಿಯಾಗಿ ಅಲ್ಲಿ,
ಒಂದು ಕ್ಷಣ
ಚಪ್ಪಲಿ ಹಿಡಿದುಕೊಳ್ಳುತ್ತದೆ.