ಒಳಗಿನ ದೀಪ

ಕುತಾಯಿಸಿಯಲ್ಲಿ ಮೂರು ರಾತ್ರಿ
ತ್ಸಿಯಾಲಾಳ ಬ್ರೆಡ್ಡಿನ ವ್ಯಾನು ತಾನಾಗೇ ಹಾರನ್ ಹೊಡೆಯಿತು.
ಮಳೆಯಿಲ್ಲ, ವೈಪರು ಒಣಗಾಜು ಕೆರೆಯಿತು.
ಓಣಿಯವರು ಬೈದರು; ಪಾದ್ರಿ ಬಂದು ನೀರು ಚಿಮುಕಿಸಿದ.

ನುಗ್ಜಾರ್ ಬ್ಯಾಟರಿ ಕಳಚಿ
ಸ್ಟಿಯರಿಂಗ್ ಅಡಿ ಅಂಗಾತ ಮಲಗಿ
ಅಂಗೈಯಗಲದ ಕಪ್ಪು ಡಬ್ಬಿ ಹೊರತೆಗೆದ.
ಪಿನ್ನುಗಳಿಗೆಲ್ಲ ಹಸಿರು ಕಿಲುಬು.
"ಇದೇ ನೋಡು ನಿನ್ನ ದೆವ್ವ."

ಹೊಸದಕ್ಕೆ ದುಡ್ಡಿಲ್ಲ. ರುಸ್ತಾವಿಯ ಗುಜರಿಯಿಂದ
ಮೂತಿ ಜಜ್ಜಿದ ಗಾಡಿಯೊಂದರದ್ದು ಬಂತು.
ಲ್ಯಾಪ್‌ಟಾಪ್ ಹಚ್ಚಿ ಕೀಲಿಯ ಪರಿಚಯ ಮಾಡಿಸಿದ.
ಮೊದಲು ಮುಖ ತಿರುಗಿಸಿತು,
ಆಮೇಲೆ ಹೂಂ ಅಂದಿತು.

ಈಗ ಎಲ್ಲ ಸರಿ. ಆದರೆ
ಇಳಿದು ಬಾಗಿಲು ಹಾಕಿದ ಮೇಲೂ
ಒಳಗಿನ ದೀಪ ಒಂದು ನಿಮಿಷ ಆರುವುದಿಲ್ಲ.
ಆ ಗಾಡಿಯಲ್ಲಿ ಯಾರೋ
ಕತ್ತಲಲ್ಲಿ ಮನೆಯ ಬೀಗ ತಡಕುತ್ತಿದ್ದಿರಬೇಕು.

"ತೆಗೆದುಬಿಡಲಾ?" ಎಂದ ನುಗ್ಜಾರ್.
ಅವಳು ಬುಟ್ಟಿ ಎತ್ತಿಕೊಂಡಳು.
"ಇರಲಿ ಬಿಡು, ಮೆಟ್ಟಿಲು ಕಾಣುತ್ತೆ."